ಕೋವಿಯ ಬಾಯಿಗೆ ತಕ್ಕ ಗುಂಡು

ಕಳಕ್ಕೂಟ್ಟದಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಸರ್, ವಿರಾಜಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದಿಗೆ ಹೋದಾಗ ಅದರಿಂದಲೇ ತೆಂಗಿನಕಾಯಿಗೆ ಗುರಿ ಇಡುವ ಆಸೆ. ಅಮೆರಿಕದವರ ವಿಡಿಯೋಗಳಲ್ಲಿ ಗುಂಡಿಗೆ ಪ್ಲಾಸ್ಟಿಕ್ ಬಟ್ಟಲು ತೊಡಿಸಿ ನೂರು ಮೀಟರಿಗೂ ಕರಾರುವಾಕ್ಕಾಗಿ ಹೊಡೆಯುತ್ತಾರೆ. ನಮ್ಮ ಕೋವಿಗೆ ಯಾವ ಅಳತೆಯದು ತರಿಸಲಿ?"

ನನ್ನ ಉತ್ತರ: ತರಿಸಬೇಡಿ. ಆದರೆ ಯಾಕೆ ಬೇಡ ಅನ್ನುವುದು ಉದ್ದದ ಮಾತು. ಲೇತ್ ಮುಂದೆ ಮೂವತ್ತು ವರ್ಷ ನಿಂತವನಿಗೆ ಅಳತೆಯ ವಿಷಯ ಸಿಕ್ಕರೆ ಅಂಕಣ ತುಂಬಲು ಬೇರೇನೂ ಬೇಡ.

ಕೇರಳದಲ್ಲಿರುವ ನಮಗೆಲ್ಲ ದೇವಸ್ಥಾನದ ಕದಿನದ ಸದ್ದು ಗೊತ್ತು. ದಕ್ಷಿಣ ಕನ್ನಡದವರು ಗರ್ನಾಲು ಅನ್ನುವಂಥದ್ದು. ಕಬ್ಬಿಣದ ಗಿಡ್ಡ ಕೊಳವೆಗೆ ಮದ್ದು ಹಾಕಿ, ಮೇಲೆ ಇಟ್ಟಿಗೆ ಪುಡಿ ತುಂಬಿ ಗಟ್ಟಿಯಾಗಿ ಜಡಿಯುತ್ತಾರೆ. ಸಡಿಲ ಜಡಿದರೆ ಬುಸ್ಸೆಂದು ಹೊಗೆ, ಗಟ್ಟಿ ಜಡಿದರೆ ಗುಡುಗು. ಹೊತ್ತಿದ ಮದ್ದಿನ ಗಾಳಿ ಸೋರದಂತೆ ತಡೆಹಿಡಿಯುವುದರಲ್ಲೇ ಎಲ್ಲ ಇದೆ. ಬಾಯಿಂದ ಈಡು ತುಂಬುವ ಕೋವಿಯ ಕಥೆಯೂ ಇದೇ.

ಅಲ್ಲೊಂದು ಇಕ್ಕಟ್ಟಿದೆ. ಗುಂಡನ್ನು ನಳಿಗೆಯ ಬಾಯಿಂದ ಗಜದಲ್ಲಿ ತಳ್ಳಬೇಕು. ಹಾಗಾಗಿ ಅದು ನಳಿಗೆಯ ಒಳ ಅಳತೆಗಿಂತ ಸಣ್ಣದಿರಲೇಬೇಕು. ಸಣ್ಣದಾದರೆ ಪಕ್ಕದಿಂದ ಗಾಳಿ ಸೋರುತ್ತದೆ, ಗುಂಡು ಅತ್ತಿತ್ತ ಬಡಿದುಕೊಂಡು ಹೊರಬೀಳುತ್ತದೆ, ಯಾವ ಕಡೆ ಹೋದೀತೆಂದು ಹೇಳುವಂತಿಲ್ಲ. ಈ ಸಂದನ್ನು ಹೇಗೆ ಮುಚ್ಚುವುದು? ಇದಕ್ಕೆ ಜಗತ್ತು ಮೂರು ಉತ್ತರ ಕಂಡುಕೊಂಡಿದೆ.

ಮೊದಲನೆಯದು ಬಟ್ಟೆ. ಸೀಸದ ಉಂಡೆಯನ್ನು ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ತಳ್ಳುವುದು. ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ರೈಫಲ್ ನಳಿಗೆಗೆ ಸಾಮಾನ್ಯವಾಗಿ .490 ಇಂಚಿನ ಉಂಡೆ ಹಾಕುತ್ತಾರೆ, 12.45 ಮಿ.ಮೀ. ಬಟ್ಟೆಯ ದಪ್ಪ ಸುಮಾರು 0.38 ಮಿ.ಮೀ. ಎರಡೂ ಪಕ್ಕದ ಬಟ್ಟೆ ಕೂಡಿಸಿದರೆ 13.2 ಮಿ.ಮೀ. ಆಗುತ್ತದೆ, ನಳಿಗೆಗಿಂತ ಅರ್ಧ ಮಿ.ಮೀ. ಹೆಚ್ಚು. ಆ ಅರ್ಧ ಮಿ.ಮೀ. ಬಟ್ಟೆ ರೈಫಲಿನ ಸುರುಳಿ ತೋಡುಗಳಿಗೆ ಒತ್ತಿಕೊಂಡು ಕೂರುತ್ತದೆ. ಗಾಳಿಯೂ ನಿಂತಿತು, ಗುಂಡಿಗೆ ತಿರುಗುವ ಗತಿಯೂ ಸಿಕ್ಕಿತು. ಬಟ್ಟೆ ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಕರಗಿ ಅಂಟುತ್ತದೆ. ಹೊಡೆದ ಮೇಲೆ ಮುಂದೆ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡಿದರೆ ಅರ್ಧ ವಿದ್ಯೆ ಅಲ್ಲೇ ಇದೆ. ನಡುವೆ ಸುಟ್ಟು ತೂತಾಗಿದ್ದರೆ ಗಾಳಿ ಸೋರಿದೆ, ಉಂಡೆಯೋ ಬಟ್ಟೆಯೋ ಸಣ್ಣದಾಯಿತು. ಅಂಚಿನಲ್ಲಿ ಗೆರೆಗೆರೆ ಕತ್ತರಿಸಿದ್ದರೆ ತೋಡಿನ ಅಂಚು ಹರಿತವಿದೆ. ಮಸಿ ಹಿಡಿದರೂ ಇಡಿಯಾಗಿದ್ದರೆ ಅಳತೆ ಕೂಡಿಬಂದಿದೆ.

ಎರಡನೆಯದು ಟೊಳ್ಳು ಬುಡದ ಗುಂಡು. 1849ರಲ್ಲಿ ಫ್ರೆಂಚ್ ಸೇನಾಧಿಕಾರಿ ಮಿನಿಯೇ ರೂಪಿಸಿದ್ದು. ಸಡಿಲವಾಗಿ ಇಳಿಯುತ್ತದೆ, ಮದ್ದು ಹೊತ್ತಿದಾಗ ಬುಡ ಅರಳಿ ನಳಿಗೆಯನ್ನು ತುಂಬುತ್ತದೆ. 1853ರ ಎನ್‌ಫೀಲ್ಡ್ ರೈಫಲ್ ಇದೇ ದಾರಿಯದು. ನಳಿಗೆ .577 ಇಂಚು, ಗುಂಡು .568. ನಮ್ಮ ದೇಶದ ಬಿಸಿಲಿಗೆ ಒಳಗಿನ ಮಸಿ ಗಟ್ಟಿ ಕಟ್ಟಿ ಆ ಗುಂಡು ಇಳಿಯದಾದಾಗ .55ಕ್ಕೆ ಇಳಿಸಬೇಕಾಯಿತು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಕೂಡ ಈ ರೈಫಲಿನ ತೋಟಾಕ್ಕೆ ಸವರಿದ್ದೇ. ಈಗಿನ ಏರ್ ರೈಫಲಿನ ಪೆಲೆಟ್ಟಿನ ತೆಳು ಬಾಲವೂ ಇದೇ ಕೆಲಸ ಮಾಡುತ್ತದೆ. 2015ರ ರಾಷ್ಟ್ರೀಯ ಕ್ರೀಡಾಕೂಟದ ಶೂಟಿಂಗ್ ನಡೆದ ವಟ್ಟಿಯೂರ್ಕಾವು ರೇಂಜು ನಮ್ಮ ಶ್ರೀಕಾರ್ಯಂನಿಂದ ದೂರವೇನಲ್ಲ. ಏರ್ ರೈಫಲ್ ಕಲಿಯುವ ಮಕ್ಕಳಿದ್ದರೆ ಕೇಳಿ ನೋಡಿ. 4.49, 4.50, 4.51 ಮಿ.ಮೀ. ಎಂದು ನೂರನೇ ಒಂದು ಭಾಗದ ವ್ಯತ್ಯಾಸದಲ್ಲಿ ಪೆಲೆಟ್ ಬರುತ್ತವೆ. ಯಾವುದು ತಮ್ಮ ರೈಫಲಿಗೆ ಒಗ್ಗುತ್ತದೆಂದು ಹೊಡೆದು ನೋಡಿಯೇ ಆರಿಸುತ್ತಾರೆ.

ಮೂರನೆಯದು ನಮ್ಮ ಓದುಗರು ಕೇಳಿದ ಪ್ಲಾಸ್ಟಿಕ್ ಬಟ್ಟಲು. ಹೆಸರು ಸ್ಯಾಬೋ. ಫ್ರೆಂಚ್ ಭಾಷೆಯಲ್ಲಿ ಮರದ ಜೋಡು ಎಂದರ್ಥ. ಸಣ್ಣ ಗುಂಡಿಗೆ ದೊಡ್ಡ ಜೋಡು ತೊಡಿಸಿ ಕಳಿಸುವುದು, ನಳಿಗೆ ದಾಟಿದ ಮೇಲೆ ಜೋಡಿನ ದಳಗಳು ಬಿಚ್ಚಿ ಕಳಚಿ ಬೀಳುತ್ತವೆ. ಅರ್ಜುನ್ ಟ್ಯಾಂಕಿನ 120 ಮಿ.ಮೀ. ತೋಪು ಬಾಣದಂಥ ಟಂಗ್‌ಸ್ಟನ್ ಮಿಶ್ರಲೋಹದ ಸರಳನ್ನು ಎಸೆಯುವುದೂ ಇದೇ ಉಪಾಯದಿಂದ. ಅರ್ಧ ಇಂಚಿನ ಹೊಸ ಕಾಲದ ರೈಫಲಿಗೆ .452 ಅಥವಾ .430 ಇಂಚಿನ ಪಿಸ್ತೂಲು ಗುಂಡನ್ನು ಆರಿಸುತ್ತಾರೆ. ಮೊದಲನೆಯದಕ್ಕೆ ಬಟ್ಟಲಿನ ಗೋಡೆ 0.6 ಮಿ.ಮೀ., ಎರಡನೆಯದಕ್ಕೆ 0.9 ಮಿ.ಮೀ. ಸುಮಾರು. ಒಂದೇ ಅಳತೆ ಬರೆದ ಎರಡು ರೈಫಲುಗಳ ನಳಿಗೆಯಲ್ಲೂ ಕೂದಲೆಳೆಯ ವ್ಯತ್ಯಾಸ ಇರುವುದರಿಂದ ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಗಜವನ್ನು ಒಂದೇ ಹದದಲ್ಲಿ ಒತ್ತಿದಾಗ ನಿಧಾನವಾಗಿ ಇಳಿದರೆ ಸರಿ. ಗುದ್ದಬೇಕಾಗಿ ಬಂದರೆ ಬಿಗಿ, ತಾನಾಗಿ ಜಾರಿದರೆ ಸಡಿಲ. ಪ್ರತಿ ಹೊಡೆತದ ನಂತರ ನಳಿಗೆ ಒರೆಸಿ ತಣಿಯಲು ಬಿಡಬೇಕು. ಬಿಸಿ ನಳಿಗೆಯಲ್ಲಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಈಗ ಅಜ್ಜನ ಕೋವಿಗೆ ಬರೋಣ. ಸ್ಯಾಬೋ ಕೆಲಸ ಮಾಡುವುದು ಗುಂಡು ತಿರುಗಿದರೆ ಮಾತ್ರ. ಆ ರೈಫಲುಗಳಲ್ಲಿ ಸುರುಳಿ ಸಾಮಾನ್ಯವಾಗಿ 28 ಇಂಚಿಗೆ ಒಂದು ಸುತ್ತು. ಬಟ್ಟೆ ಸುತ್ತಿದ ಉಂಡೆಯ ರೈಫಲಿಗೆ 66 ಇಂಚಿಗೆ ಒಂದು ಸುತ್ತಾದರೂ ಸಾಕು, ಏಕೆಂದರೆ ಉಂಡೆಗೆ ತಲೆ ಬಾಲ ಇಲ್ಲ. ಉದ್ದದ ಗುಂಡಿಗೆ ಬೇಗ ಸುತ್ತಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಕೇಪಿನ ಕೋವಿಗಳಲ್ಲಿ ಹೆಚ್ಚಿನವುಗಳ ನಳಿಗೆ ಒಳಗೆ ನುಣ್ಣಗಿರುತ್ತದೆ, ಸುರುಳಿಯೇ ಇಲ್ಲ. ಅದಕ್ಕೆ ಸ್ಯಾಬೋ ಹಾಕಿದರೆ ಕಾಯಿಗೂ ತಾಗುವುದಿಲ್ಲ, ಮರಕ್ಕೂ ತಾಗುವುದಿಲ್ಲ.

ಅಷ್ಟೇ ಆಗಿದ್ದರೆ ತರಿಸಿ ನೋಡಿ ಅನ್ನುತ್ತಿದ್ದೆ. ನನಗೆ ಹೆದರಿಕೆ ಬೇರೆ. ಅಳತೆ ತಪ್ಪಿದ ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಮದ್ದಿಗೂ ಅದಕ್ಕೂ ನಡುವೆ ಸಂದು ಉಳಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಸೀಳುವುದು ಎಡಗೈ ಹಿಡಿದ ಜಾಗದಲ್ಲಿ, ಮುಖಕ್ಕೆ ಮೊಳ ದೂರದಲ್ಲಿ. ಹಬ್ಬದ ದಿನ ಸುತ್ತ ಮಕ್ಕಳು ನಿಂತಿರುತ್ತಾರೆ. ವಿಡಿಯೋದ ರೈಫಲ್ ಈ ಕಾಲದ ಉಕ್ಕು. ಅಟ್ಟದ ಮೇಲಿದ್ದ ನಳಿಗೆ ಒಳಗೊಳಗೇ ಎಷ್ಟು ತುಕ್ಕು ತಿಂದಿದೆಯೋ ಹೊರಗಿನ ಹೊಳಪು ನೋಡಿ ತಿಳಿಯದು.

ಆದ್ದರಿಂದ ಊರಿಗೆ ಹೋದ ದಿನ ಮೊದಲು ಮಾಡಬೇಕಾದ್ದು ಇದು. ಕೋವಿಯ ಬಾಯಿ ಜನರಿಲ್ಲದ ಕಡೆ ಇರಲಿ, ಕೇಪು ಇಟ್ಟಿದ್ದರೆ ತೆಗೆಯಿರಿ. ಗಜವನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಅದೇ ಗಜವನ್ನು ನಳಿಗೆಯ ಹೊರಗೆ ಇಟ್ಟು ಹೋಲಿಸಿ. ಅದರ ತುದಿ ಕೇಪು ಕೂರುವ ಮೊಳೆಯ ಹತ್ತಿರಕ್ಕೆ ಬರಬೇಕು. ಅದಕ್ಕಿಂತ ಮೊದಲೇ ನಿಂತರೆ ಒಳಗೆ ಈಡು ಇದೆ ಎಂದೇ ತಿಳಿಯಿರಿ. ಅಜ್ಜ ತುಂಬಿಟ್ಟ ಈಡು ಎಷ್ಟು ವರ್ಷವಾದರೂ ಹೊತ್ತೀತು. ನೀವು ಕೆದಕಬೇಡಿ, ಹೊಡೆದು ಖಾಲಿ ಮಾಡಲೂ ಹೋಗಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ನಳಿಗೆ ಹೊಡೆಯಲು ಯೋಗ್ಯವೇ ಎಂಬುದನ್ನೂ ಅವರೇ ಹೇಳಲಿ.

ಯೋಗ್ಯ ಎಂದರೆ ಮಾತ್ರ ವರ್ನಿಯರ್ ಹಿಡಿಯಿರಿ. "ಹನ್ನೆರಡು ಬೋರು" ಎಂಬ ಮನೆಮಾತನ್ನು ನಂಬಬೇಡಿ. ನಳಿಗೆಗೆ ಸರಿಹೊಂದುವ ಸೀಸದ ಉಂಡೆ ಒಂದು ಪೌಂಡಿಗೆ ಹನ್ನೆರಡು ಬಂದರೆ ಅದು ಹನ್ನೆರಡು ಬೋರು, ಲೆಕ್ಕದಲ್ಲಿ 18.5 ಮಿ.ಮೀ. ಹದಿನಾರು ಬೋರಿಗೆ 16.8. ಕೈಯಲ್ಲಿ ಮಾಡಿದ ಹಳೆಯ ನಳಿಗೆ ಎರಡರ ನಡುವೆ ಎಲ್ಲಿಯೂ ಇರಬಹುದು. ನುಣುಪು ನಳಿಗೆಗೆ ಅದಕ್ಕಿಂತ ಅರ್ಧದಿಂದ ಮುಕ್ಕಾಲು ಮಿ.ಮೀ. ಸಣ್ಣ ಉಂಡೆ, ತೆಳು ಹತ್ತಿ ಬಟ್ಟೆ, ಹತ್ತಿರದ ಗುರಿ. ಮದ್ದು ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಳಿಗೆ ನೋಡಿದವರೇ ಹೇಳಬೇಕಾದ ಮಾತು ಅದು.

ಇನ್ನೊಂದು ವಿಷಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು 1861ರಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2029ಕ್ಕೆ ಮತ್ತೆ ಚರ್ಚೆ ಬರುತ್ತದೆ. ಹಬ್ಬದ ದಿನ ಒಂದು ನಳಿಗೆ ಸೀಳಿದರೆ ಆ ಚರ್ಚೆಯಲ್ಲಿ ಅದೂ ಒಂದು ಮಾತಾಗುತ್ತದೆ. ಕೋವಿಯನ್ನು ಇಲ್ಲಿಗೆ ತರುವ ಯೋಚನೆಯಿದ್ದರೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳದೆ ಗಡಿ ದಾಟಿಸಬೇಡಿ.

ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂದು ಊರಿಗೆ ಸುದ್ದಿ ಮುಟ್ಟಿಸುವ ನಾಡು ಅದು. ರಿಪೇರಿಯವರು ನಳಿಗೆ ಸಾಲದು ಅಂದರೆ ಕೋವಿಗೆ ಹೂವು ಮುಡಿಸಿ ಪೂಜೆಗಿಡಿ. ಕಾಯಿ ಹೊಡೆಯಲು ನೆಂಟರ ತೋಟಾ ಕೋವಿ ಇದ್ದೇ ಇರುತ್ತದೆ. ಅಳತೆ ಎಷ್ಟು ಬಂತೆಂದು ಬರೆದು ತಿಳಿಸಿ, ಮುಂದಿನ ಸಲ ಅದನ್ನೇ ಇಟ್ಟುಕೊಂಡು ಮಾತಾಡೋಣ.