ಗೋಡೆಗೆ ಗಾಯವಾಗದಂತೆ

ಮನೆಯ ಗೋಡೆಗೆ ಒಂದು ಚಿತ್ರಪಟವನ್ನು ತೂಗುಹಾಕುವುದು ವಿಜ್ಞಾನದ ಮಾತಿಗೆ ಎಡೆಗೊಡದಷ್ಟು ಸಣ್ಣ ಕೆಲಸವೆಂದು ಅನೇಕರು ಭಾವಿಸುತ್ತಾರೆ. ಸುತ್ತಿಗೆ, ಮೊಳೆ, ಹತ್ತಿ ನಿಲ್ಲಲು ಒಂದು ಕುರ್ಚಿ, ಇಷ್ಟಿದ್ದರೆ ಸಾಕೆಂಬುದು ಹಳೆಯ ನಂಬಿಕೆ. ಬಾಡಿಗೆಯ ಮನೆಗಳೂ ವಿದ್ಯಾರ್ಥಿನಿಲಯಗಳೂ ಹೆಚ್ಚಿದ ಮೇಲೆ ಇದಕ್ಕೆದುರಾಗಿ ಇನ್ನೊಂದು ನಂಬಿಕೆ ಹುಟ್ಟಿಕೊಂಡಿದೆ: ಮೊಳೆಯನ್ನು ಮುಟ್ಟಲೇಬಾರದು, ಅಂಗಡಿಯಿಂದ ಅಂಟುಪಟ್ಟಿಯೊಂದನ್ನು ತಂದು ಒತ್ತಿದರೆ ಗೋಡೆ ಉಳಿಯುತ್ತದೆ ಎಂಬುದು. ಇವೆರಡೂ ಅರ್ಧಸತ್ಯಗಳೆಂಬುದು ನನ್ನ ಅಭಿಪ್ರಾಯ. ತೂಗುಹಾಕಿದ ವಸ್ತುವಿನ ಭಾರವು ಯಾವ ದಾರಿಯಲ್ಲಿ, ಯಾವ ದಿಕ್ಕಿನಲ್ಲಿ ಗೋಡೆಯನ್ನು ಸೇರುತ್ತದೆ ಎಂಬುದನ್ನು ಅರಿಯದೆ ಮಾಡಿದ ಕೆಲಸವೇ ಗೋಡೆಯನ್ನು ಕೆಡಿಸುತ್ತದೆ. ಸಾಧನ ಮೊಳೆಯಾದರೇನು, ಅಂಟಾದರೇನು?

ಈ ಪ್ರಶ್ನೆ ಅಂದಚೆಂದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮನೆ ಬಿಡುವ ದಿನ ಗೋಡೆಯ ಕಲೆಗಳನ್ನು ತೋರಿಸಿ ಮುಂಗಡದ ಹಣದಲ್ಲಿ ಮುರಿದುಕೊಳ್ಳುವ ವಾಡಿಕೆಯನ್ನು ನಮ್ಮ ನಗರಗಳಲ್ಲಿ ಕಾಣುತ್ತೇವೆ. ಅದಕ್ಕಿಂತ ಗಂಭೀರವಾದುದು ಅಪಾಯದ ಮಾತು. ಮೂರು ಕಿಲೋಗ್ರಾಂ ತೂಕದ ಗಾಜಿನ ಚಿತ್ರಪಟವೊಂದು ಎರಡು ಮೀಟರ್ ಎತ್ತರದಿಂದ ಕಳಚಿ ಬಿದ್ದರೆ, ನೆಲ ಮುಟ್ಟುವಾಗ ಅದರ ಶಕ್ತಿ ಸುಮಾರು ೬೦ ಜೂಲ್. ಒಂದು ಕಿಲೋಗ್ರಾಂ ಕಲ್ಲು ಆರು ಮೀಟರ್ ಮೇಲಿನಿಂದ ಬಿದ್ದುದಕ್ಕೆ ಇದು ಸಮ. ಮಗು ಮಲಗುವ ತೊಟ್ಟಿಲ ಮೇಲೆ ಏನನ್ನು ಹೇಗೆ ತೂಗುಹಾಕಬೇಕೆಂಬುದು ಆಲೋಚಿಸತಕ್ಕ ವಿಷಯವಲ್ಲವೆ?

ಮೊದಲು ಗೋಡೆಯನ್ನು ಪರಿಚಯ ಮಾಡಿಕೊಳ್ಳೋಣ. ಅದು ಒಂದೇ ವಸ್ತುವಲ್ಲ. ಒಳಗೆ ಇಟ್ಟಿಗೆ; ಅದರ ಮೇಲೆ ಸಾಮಾನ್ಯವಾಗಿ ೧೨ರಿಂದ ೧೫ ಮಿಲಿಮೀಟರ್ ದಪ್ಪದ ಗಿಲಾವು; ಅದರ ಮೇಲೆ ತೆಳುವಾದ ಪುಟ್ಟಿ; ಎಲ್ಲಕ್ಕೂ ಹೊರಗೆ ಸುಣ್ಣ, ಡಿಸ್ಟೆಂಪರ್ ಅಥವಾ ಎಮಲ್ಷನ್ ಬಣ್ಣ. ಅಂಟುಪಟ್ಟಿ ಹಿಡಿದುಕೊಳ್ಳುವುದು ಇಟ್ಟಿಗೆಯನ್ನಲ್ಲ, ಹೊರಗಣ ಬಣ್ಣವನ್ನು. ಈ ಪದರಗಳಲ್ಲಿ ಎಲ್ಲಕ್ಕಿಂತ ಬಡವಾದುದು ಯಾವುದೋ ಅದೇ ಮೊದಲು ಕೈಬಿಡುತ್ತದೆ. ಅಂಗೈಯಿಂದ ಗೋಡೆಯನ್ನೊಮ್ಮೆ ಸವರಿ ನೋಡಿರಿ. ಬಿಳಿಯ ಪುಡಿ ಹತ್ತಿದರೆ, ಎಷ್ಟೇ ಬಲವಾದ ಅಂಟೂ ಆ ಪುಡಿಯನ್ನೇ ಹಿಡಿದುಕೊಂಡು ಉದುರುವುದು ಖಂಡಿತ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ತೇವ ಕುಡಿದ ಗೋಡೆಗೆ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಬಲದ ದಿಕ್ಕು. ಅಂಟು ತನ್ನ ಮೈಗುಂಟ ಜಾರಿಸುವ ಬಲವನ್ನು ಚೆನ್ನಾಗಿ ತಾಳುತ್ತದೆ, ಅಂಚಿನಿಂದ ಸುಲಿಯುವ ಬಲಕ್ಕೆ ಬೇಗ ಸೋಲುತ್ತದೆ. ಮೊದಲನೆಯದರಲ್ಲಿ ಅಂಟಿನ ಇಡೀ ಹರವು ಭಾರವನ್ನು ಹಂಚಿಕೊಳ್ಳುತ್ತದೆ; ಎರಡನೆಯದರಲ್ಲಿ ಅಂಚಿನ ಒಂದು ಗೆರೆಯಷ್ಟೇ ಸ್ಥಳ ಎಲ್ಲವನ್ನೂ ಹೊರಬೇಕು. ಗೋಡೆಗೆ ಒತ್ತಿಕೊಂಡಿರುವ ತೆಳುವಾದ ಚಿತ್ರಪಟದ ಭಾರ ಬಹುಮಟ್ಟಿಗೆ ಕೆಳಮುಖವಾದುದು. ಆದರೆ ಗೋಡೆಯಿಂದ ಹೊರಚಾಚಿದ ಪುಟ್ಟ ಹಲಗೆಯ ಕಥೆ ಬೇರೆ. ಹಲಗೆಯ ಭಾರ ಗೋಡೆಯಿಂದ ೧೦ ಸೆಂಟಿಮೀಟರ್ ದೂರದಲ್ಲಿದ್ದು, ಅದನ್ನು ಹಿಡಿದಿರುವ ಅಂಟಿನ ತಳದ ಎತ್ತರ ೫ ಸೆಂಟಿಮೀಟರ್ ಆಗಿದ್ದರೆ, ತಳದ ಮೇಲಂಚನ್ನು ಹೊರಕ್ಕೆ ಕೀಳುವ ಬಲವು ಭಾರದ ಎರಡರಷ್ಟಾಗುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ಕಿಲೋಗ್ರಾಮುಗಳ ಭರವಸೆ ಇಲ್ಲಿ ನಡೆಯದು.

ಮೂರನೆಯದು ಕಾಲ. ಇಂತಹ ಅಂಟು ಪೂರ್ಣ ಘನವೂ ಅಲ್ಲ, ಪೂರ್ಣ ದ್ರವವೂ ಅಲ್ಲ. ಭಾರದ ಅಡಿಯಲ್ಲಿ ಮೆಲ್ಲಮೆಲ್ಲನೆ ಹರಿಯುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ೧೯೨೭ರಲ್ಲಿ ಆಲಿಕೆಯೊಂದರಲ್ಲಿ ತುಂಬಿಟ್ಟ ಡಾಂಬರಿನಂತಹ ಗಟ್ಟಿ ರಾಳದಿಂದ ೨೦೧೪ರವರೆಗೆ ಬಿದ್ದುದು ಒಂಬತ್ತೇ ಹನಿ; ಆದರೂ ಅದು ಹರಿಯಿತು. ನಮ್ಮ ಅಂಟು ಅದಕ್ಕಿಂತ ಬಹಳ ಬೇಗ ಹರಿಯುತ್ತದೆ, ಬೇಸಗೆಯ ಕಾವಿನಲ್ಲಿ ಇನ್ನೂ ಬೇಗ. ಸಂಜೆ ಅಂಟಿಸಿದ ಪಟ ಬೆಳಗ್ಗೆ ನಿಂತಿದೆಯೆಂದರೆ ಅದು ಏಪ್ರಿಲ್‌ನಲ್ಲಿಯೂ ನಿಂತೀತೆಂದು ತಿಳಿಯಬಾರದು.

ಅಂಟುವ ವಿದ್ಯೆಯಲ್ಲಿ ನಮಗೆಲ್ಲ ಗುರುವಾದ ಪ್ರಾಣಿ ನಮ್ಮ ಗೋಡೆಯ ಮೇಲೆಯೇ ಇದೆ. ಹಲ್ಲಿಯ ಬೆರಳುಗಳ ಅಡಿಯಲ್ಲಿರುವ ಅತಿಸೂಕ್ಷ್ಮ ರೋಮಗಳು ಗೋಡೆಯ ಅಣುಗಳಿಗೆ ತೀರ ಸಮೀಪಿಸಿ, ವಾನ್ ಡರ್ ವಾಲ್ಸ್ ಬಲಗಳಿಂದ ಹಿಡಿದುಕೊಳ್ಳುತ್ತವೆಯೆಂಬುದನ್ನು ಕೆಲ್ಲರ್ ಆಟಮ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಯೋಗದಿಂದ ತೋರಿಸಿದರು. ರೋಮದ ಓರೆಯನ್ನು ಬದಲಿಸಿದೊಡನೆ ಹಿಡಿತ ಬಿಡುತ್ತದೆ. ಹೀಗೆ ಹಲ್ಲಿ ಗೋಡೆಗೆ ಗುರುತನ್ನೂ ಉಳಿಸದೆ ಓಡುತ್ತದೆ. ಅಂಟುವುದು ಅರ್ಧ ವಿದ್ಯೆ, ಬಿಡುವುದು ಉಳಿದ ಅರ್ಧ. ಎಳೆದರೆ ಹಿಗ್ಗುವ ಅಂಟುಪಟ್ಟಿಗಳಲ್ಲಿಯೂ ದಿಕ್ಕೇ ಮುಖ್ಯ. ಬಾಲವನ್ನು ಗೋಡೆಗೆ ಸಮಾಂತರವಾಗಿ ನಿಧಾನವಾಗಿ ಕೆಳಕ್ಕೆಳೆದರೆ ಪಟ್ಟಿ ಉದ್ದವಾಗಿ ತೆಳುವಾಗುತ್ತದೆ, ಗೋಡೆಯಿಂದ ಕ್ರಮಕ್ರಮವಾಗಿ ಕಳಚಿಕೊಳ್ಳುತ್ತದೆ. ಅದನ್ನೇ ಅವಸರದಿಂದ ಹೊರಕ್ಕೆ ಕಿತ್ತರೆ ಬಣ್ಣವೂ ಕೂಡಿ ಬರುತ್ತದೆ.

ಇನ್ನು ಹಬ್ಬದ ತೋರಣ. ಬಾಗಿಲ ಮೇಲೆ ಎರಡು ಮೊಳೆಗಳ ನಡುವೆ ಅದನ್ನು ಸರಿಗೆಯಂತೆ ಬಿಗಿದು ಕಟ್ಟುವುದರಲ್ಲಿ ನಮಗೊಂದು ಹೆಮ್ಮೆ. ಒಂದು ಕಿಲೋಗ್ರಾಂ ತೂಕದ ತೋರಣದ ದಾರವು ತುದಿಗಳಲ್ಲಿ ಅಡ್ಡಗೆರೆಯೊಡನೆ ೩೦ ಡಿಗ್ರಿ ಕೋನ ಮಾಡಿದರೆ, ಒಂದೊಂದು ಮೊಳೆಯನ್ನೂ ಎಳೆಯುವ ಬಲ ಸುಮಾರು ೧೦ ನ್ಯೂಟನ್. ಬಿಗಿದು ಬಿಗಿದು ಕೋನವನ್ನು ೫ ಡಿಗ್ರಿಗೆ ಇಳಿಸಿದರೆ ಅದು ಸುಮಾರು ೫೭ ನ್ಯೂಟನ್‌ಗೆ ಏರುತ್ತದೆ. ತೋರಣ ಅದೇ, ಎಲೆಗಳೂ ಅವೇ. ಎಳೆತ ಮಾತ್ರ ಐದು ಪಟ್ಟಿಗೂ ಮಿಕ್ಕಿತು. ತೋರಣ ಬಾಗಿದ್ದರೆ ಚೆಲುವೂ ಹೆಚ್ಚು, ಗೋಡೆಗೆ ಕ್ಷೇಮವೂ ಹೆಚ್ಚು.

ಹಾಗಾದರೆ ಭಾರವಾದ ಕನ್ನಡಿಯನ್ನೋ ಗೋಡೆ ಗಡಿಯಾರವನ್ನೋ ಏನು ಮಾಡಬೇಕು? ಇಲ್ಲಿ ನಾನು ರಂಧ್ರದ ಪಕ್ಷ. ಮೊಳೆಯೆಂಬುದು ಒಂದು ಬೆಣೆ. ಸುತ್ತಿಗೆಯ ಪ್ರತಿ ಏಟಿಗೂ ಅದು ಗಿಲಾವನ್ನು ಸುತ್ತಲೂ ಹೊರದೂಡುತ್ತದೆ. ಗಿಲಾವು ಅದುಮುವಿಕೆಯನ್ನು ತಾಳಬಲ್ಲದು, ಹಿಗ್ಗಿಸುವಿಕೆಯನ್ನು ತಾಳಲಾರದು. ಆದುದರಿಂದಲೇ ಬಿರುಕು ಬಿಡುವುದು, ಚಕ್ಕೆ ಏಳುವುದು. ಡ್ರಿಲ್ಲಿನಿಂದ ಕೊರೆದ ೬ ಮಿಲಿಮೀಟರ್ ರಂಧ್ರವೂ, ಅದರೊಳಗೆ ಇಟ್ಟಿಗೆಯವರೆಗೆ ಹೋದ ವಾಲ್ ಪ್ಲಗ್ಗೂ, ಅದರಲ್ಲಿ ತಿರುಗಿಸಿದ ಸ್ಕ್ರೂವೂ ಭಾರವನ್ನು ಹೊರಬಲ್ಲ ಪದರಕ್ಕೇ ಒಪ್ಪಿಸುತ್ತವೆ. ಮುಂದೆ ಆ ರಂಧ್ರವನ್ನು ಚಿಟಿಕೆ ಪುಟ್ಟಿಯಿಂದ ಮುಚ್ಚಬಹುದು. ಅಂಗೈಯಗಲ ಕಿತ್ತುಬಂದ ಬಣ್ಣವನ್ನು ಹಾಗೆ ಮುಚ್ಚಲಾಗದು. ರಂಧ್ರವೆಲ್ಲವೂ ಹಾನಿಯಲ್ಲ, ರಂಧ್ರವಿಲ್ಲದ್ದೆಲ್ಲವೂ ಕ್ಷೇಮವಲ್ಲ. ಸ್ವಿಚ್ಚುಗಳ ನೇರಕ್ಕೆ ಮೇಲೂ ಕೆಳಗೂ ಗೋಡೆಯೊಳಗೆ ವಿದ್ಯುತ್ ತಂತಿ ಹಾದಿರುವ ಸಂಭವ ಹೆಚ್ಚಾದುದರಿಂದ ಅಲ್ಲಿ ಮಾತ್ರ ಕೊರೆಯಕೂಡದು.

ಮನೆ ಕಟ್ಟಿಸುವವರಿಗೂ ಒಂದು ಮಾತು. ನಮ್ಮ ಹಿರಿಯರ ಮನೆಗಳಲ್ಲಿ ಗೋಡೆ ಏಳುವಾಗಲೇ ಮರದ ಗೂಟಗಳನ್ನು ಹುದುಗಿಸುತ್ತಿದ್ದರು, ದೀಪಕ್ಕೆ ಗೂಡುಗಳನ್ನು ಬಿಡುತ್ತಿದ್ದರು. ವಿಕ್ಟೋರಿಯ ರಾಣಿಯ ಕಾಲದ ಇಂಗ್ಲೆಂಡಿನ ಮನೆಗಳಲ್ಲಿ ಸೂರಿಗೆ ಸಮೀಪವಾಗಿ ಮರದ ಪಟ್ಟಿಯೊಂದನ್ನು ಜಡಿದು, ಅದರಿಂದ ಕೊಕ್ಕೆ ಮತ್ತು ಹುರಿಗಳ ಮೂಲಕ ಚಿತ್ರಗಳನ್ನು ಇಳಿಬಿಡುತ್ತಿದ್ದರು. ಗೋಡೆಗೆ ಏನಾದರೂ ತೂಗುವುದು ಮನುಷ್ಯ ಸ್ವಭಾವವೆಂದು ಇವರಿಬ್ಬರೂ ಅರಿತಿದ್ದರು. ಇಂದಿನ ಬಾಡಿಗೆ ಮನೆಗಳೂ ವಿದ್ಯಾರ್ಥಿನಿಲಯಗಳೂ ಪ್ರತಿ ಕೋಣೆಗೆ ಅಂತಹ ಒಂದು ಪಟ್ಟಿಯನ್ನು ಕೊಟ್ಟರೆ, “ಮೊಳೆ ಹೊಡೆಯಕೂಡದು” ಎಂಬ ಸೂಚನೆಗೆ ಅರ್ಥ ಬರುತ್ತದೆ. ಸ್ಥಳ ಕೊಡದೆ ನಿಷೇಧ ಮಾತ್ರ ಹಾಕಿದರೆ, ಊರಿನಿಂದ ತಾಯಿಯ ಭಾವಚಿತ್ರವನ್ನು ತಂದ ಹುಡುಗ ಕದ್ದಾದರೂ ಮೊಳೆ ಹೊಡೆದಾನು.

ವಿದ್ಯಾರ್ಥಿಗಳು ಬಲಗಳ ತ್ರಿಕೋನವನ್ನು ಕಾಗದದ ಮೇಲೆ ಬಿಡಿಸಿ ಅಂಕಗಳನ್ನು ಪಡೆಯುತ್ತಾರೆ. ಅದೇ ತ್ರಿಕೋನ ತಮ್ಮ ಬಾಗಿಲ ಮೇಲೆ ತೂಗುತ್ತಿರುವುದನ್ನು ಕಾಣುವವರು ವಿರಳ. ಒಂದೇ ಅಳತೆಯ ಎರಡು ಟೇಪಿನ ತುಂಡುಗಳನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಒಂದನ್ನು ಮೈಗುಂಟವಾಗಿಯೂ ಮತ್ತೊಂದನ್ನು ಲಂಬವಾಗಿಯೂ ಎಳೆದು ನೋಡಿರಿ. ಎರಡು ಅಳತೆಗಳ ಅಂತರವನ್ನು ಒಮ್ಮೆ ಕಣ್ಣಾರೆ ಕಂಡವರು ಸುತ್ತಿಗೆಯನ್ನಾಗಲಿ ಅಂಟನ್ನಾಗಲಿ ಎತ್ತಿಕೊಳ್ಳುವ ಮೊದಲು ಒಂದು ಕ್ಷಣ ಲೆಕ್ಕ ಹಾಕುತ್ತಾರೆ.