ಊರಿನ ಸಚಿತ್ರ ಪುಸ್ತಕ: ರೊಕ್ಕ ಹಾಳಾಗೋದು ಪ್ರೆಸ್‌ನಲ್ಲಲ್ಲ, ಅದಕ್ಕೂ ಮೊದಲೇ

ಸಿರಸಂಗಿ (ಸವದತ್ತಿ ತಾ.): ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು ಭಾಗದಲ್ಲಿ ದೊಡ್ಡ ಜಾತ್ರೆಯೋ, ಶಾಲೆಯ ಶತಮಾನೋತ್ಸವವೋ ಬಂತೆಂದರೆ ಜೊತೆಗೆ ಒಂದು ಪುಸ್ತಕದ ಮಾತೂ ಬರುತ್ತದೆ. ನಿವೃತ್ತ ಮಾಸ್ತರು ಬರೀತಾರೆ, ಕಮಿಟಿಯವರು ಫೋಟೊ ಕೂಡಿಸ್ತಾರೆ, ಪ್ಯಾಟಿ ಅಂಗಡಿಕಾರರು ಜಾಹೀರಾತು ಕೊಡ್ತಾರೆ. ಪ್ರಕಾಶಕರು ಅಂತ ಬೇರೆ ಯಾರೂ ಇಲ್ಲ, ಊರೇ ಪ್ರಕಾಶಕ. ಕೊನೆಗೆ ಪುಸ್ತಕ ಕೈಗೆ ಬಂದಾಗ ಗುಡಿಯ ಶಿಖರ ಮಸುಕು, ಹಿರಿಯರ ಮುಖ ಕರ್ರಗೆ, ಫೋಟೊ ಕೆಳಗಿನ ಹೆಸರು ಅದಲುಬದಲು. ಬೈಸಿಕೊಳ್ಳೋರು ಪ್ರೆಸ್‌ನವರು. ಆದರೆ ಯಂತ್ರ ತನಗೆ ಕೊಟ್ಟಿದ್ದನ್ನೇ ಅಚ್ಚು ಹಾಕುತ್ತದೆ. ತಪ್ಪು ಬಹಳ ಸಲ ಊರಲ್ಲೇ ಆಗಿರುತ್ತದೆ.

ಸಿರಸಂಗಿಯನ್ನೇ ನೋಡಿ. ಕಾಳಮ್ಮನ ಗುಡಿ, ಋಷ್ಯಶೃಂಗ ಮುನಿಯ ಐತಿಹ್ಯ, ದೇಸಾಯರ ವಾಡೆ, ತಮ್ಮ ಆಸ್ತಿಯನ್ನು ವಿದ್ಯೆಗೆ ಬಿಟ್ಟುಹೋದ ತ್ಯಾಗವೀರ ಲಿಂಗರಾಜ ದೇಸಾಯರು. ಸಚಿತ್ರ ಪುಸ್ತಕಕ್ಕೆ ಸರಕು ಕಡಿಮೆ ಇಲ್ಲ. ಆದರೆ ಇಂಥ ಊರಿನ ಹಳೆಯ ಫೋಟೊಗಳು ಮನೆಮನೆಯ ಗೋಡೆ ಮೇಲೆ, ಟ್ರಂಕಿನ ತಳದಲ್ಲಿ ಇರುತ್ತವೆ. ಅದರಲ್ಲಿ ಇರೋರು ಯಾರು ಅಂತ ಬೆರಳು ಮಾಡಿ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ. ಒಂದು ಸಲ ಕೆಟ್ಟದಾಗಿ ಬಂದ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಯಾವ ಕಮಿಟಿಯೂ ರೊಕ್ಕ ಕೊಡೋದಿಲ್ಲ. ಅದಕ್ಕೇ ತಯಾರಿ ಮುಖ್ಯ.

ಕಾಗದ ತುಟ್ಟಿ

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಪುಸ್ತಕ ಮುದ್ರಣದ ಕಾಗದದ ಮೇಲಿನ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿತು. ಅದೇ ದಿನದಿಂದ ಮಕ್ಕಳ ನೋಟ್‌ಬುಕ್ಕಿನ ತೆರಿಗೆ ಶೂನ್ಯಕ್ಕೆ ಇಳಿದದ್ದು ಸ್ಟೇಷನರಿ ಅಂಗಡಿಯವರಿಗೆ ಗೊತ್ತೇ ಇದೆ. ಅಂದರೆ ₹10,000 ಬೆಲೆಯ ಕಾಗದಕ್ಕೆ ಮೊದಲು ₹11,200 ಬೀಳುತ್ತಿದ್ದದ್ದು ಈಗ ₹11,800. ಪುಸ್ತಕ ಮಾರುವಾಗ ತೆರಿಗೆ ಇಲ್ಲದ್ದರಿಂದ ಕಾಗದಕ್ಕೆ ಕಟ್ಟಿದ್ದನ್ನು ವಜಾ ಮಾಡಿಕೊಳ್ಳಲೂ ಬರೋದಿಲ್ಲ. ಮೊತ್ತ ಸಣ್ಣದು ಅನಿಸಬಹುದು. ಆದರೆ ವರ್ಗಣಿ ಎತ್ತಿ ಮಾಡುವ ಪುಸ್ತಕದಲ್ಲಿ ಹಾಳೆ ಹಾಳಾದರೆ ನಷ್ಟ ಈಗ ಇನ್ನೂ ಹೆಚ್ಚು.

ವಾಟ್ಸಾಪ್ ಫೋಟೊದ ಮೋಸ

ಅಚ್ಚಿನಲ್ಲಿ ಚಿತ್ರ ಸ್ವಚ್ಛ ಕಾಣಲು ಇಂಚಿಗೆ 300 ಚುಕ್ಕಿ ಬೇಕು ಅನ್ನೋದು ಮುದ್ರಣದವರ ಲೆಕ್ಕ. ಆರು ಇಂಚು ಅಗಲದ ಚಿತ್ರಕ್ಕೆ 1,800 ಪಿಕ್ಸೆಲ್ ಆಯಿತು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ದಾರಿಯಲ್ಲೇ ಕುಗ್ಗುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟಿದಷ್ಟೂ ಕೆಡುತ್ತದೆ. ಮೊಬೈಲ್ ಪರದೆ ಮೇಲೆ ಚಂದ ಕಂಡದ್ದು ಕಾಗದದ ಮೇಲೆ ಒಡೆದು ಕಾಣೋದು ಇದಕ್ಕೇ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ, ಇಲ್ಲವೆ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಮೂಲ ಅಳತೆ ಉಳಿಯುತ್ತದೆ. ಖರ್ಚು ಏನೂ ಇಲ್ಲ.

ಹಳೆಯ ಫೋಟೊಗಳದು ಬೇರೆ ಮಾತು. ಗೋಡೆಗೆ ಹಾಕಿದ ಕಟ್ಟಿನ ಫೋಟೊವನ್ನು ಗಾಜಿನ ಮೇಲಿಂದಲೇ ಮೊಬೈಲ್‌ನಲ್ಲಿ ಹೊಡೆದರೆ ಕಿಟಕಿ ಬೆಳಕೂ ಅದರಲ್ಲಿ ಬರುತ್ತದೆ. ಹುಷಾರಾಗಿ ಕಟ್ಟು ಬಿಚ್ಚಿಸಿ ಸ್ಕ್ಯಾನ್ ಮಾಡಿಸಬೇಕು. ಮೂರು ಇಂಚಿನ ಫೋಟೊವನ್ನು ಪುಸ್ತಕದಲ್ಲಿ ಆರು ಇಂಚು ಮಾಡಬೇಕಾದರೆ 600 ಡಿಪಿಐ ಸ್ಕ್ಯಾನ್ ಬೇಕು. ಹಿಂಬದಿಯಲ್ಲಿ ಹೆಸರು, ಇಸವಿ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ ಇಡಬೇಕು. ಫೋಟೊ ಕೊಟ್ಟ ಮನೆಯವರ ಹೆಸರು ಬರೆದುಕೊಂಡು, ಮೂಲವನ್ನು ಅದೇ ವಾರ ವಾಪಸ್ ಮುಟ್ಟಿಸಬೇಕು. ಇಲ್ಲದಿದ್ದರೆ ಮುಂದಿನ ಸಲ ಯಾರೂ ಕೊಡೋದಿಲ್ಲ.

ಗೂಗಲ್‌ನಲ್ಲಿ ಸಿಕ್ಕ ಚಿತ್ರ ಪುಕ್ಕಟೆ ಅಲ್ಲ ಅನ್ನೋದೂ ನೆನಪಿರಲಿ. ಪ್ರಕಟವಾದ ಫೋಟೊದ ಹಕ್ಕು ನಮ್ಮ ಕಾಯ್ದೆಯಂತೆ ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ. ತೆಗೆದವರನ್ನು ಕೇಳಿ, ಅವರ ಹೆಸರು ಹಾಕೋದು ನ್ಯಾಯವೂ ಹೌದು, ಕ್ಷೇಮವೂ ಹೌದು.

ಹದಿನಾರರ ಲೆಕ್ಕ

ಪುಸ್ತಕ ಒಂದೊಂದೇ ಪುಟವಾಗಿ ಅಚ್ಚಾಗೋದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿದರೆ ಸಾಮಾನ್ಯವಾಗಿ 16 ಪುಟ. ಅದಕ್ಕೆ ಒಂದು ಫಾರ್ಮ್ ಅಂತಾರೆ. 96 ಪುಟ ಅಂದರೆ ಸರಿಯಾಗಿ 6 ಫಾರ್ಮ್. ಅದನ್ನು 100 ಪುಟಕ್ಕೆ ಒಯ್ದರೆ ನಾಲ್ಕು ಪುಟದ ಸಲುವಾಗಿ ಮತ್ತೊಂದು ಸಲ ಯಂತ್ರ ಹೂಡಬೇಕು.

ಬಣ್ಣದ್ದೂ ಇದೇ ಕಥೆ. ಕಪ್ಪು ಬಿಳುಪಿಗೆ ಹಾಳೆಯ ಒಂದು ಬದಿಗೆ ಒಂದು ಪ್ಲೇಟು ಸಾಕು, ಬಣ್ಣಕ್ಕೆ ನಾಲ್ಕು ಬೇಕು. 16 ಬಣ್ಣದ ಫೋಟೊಗಳನ್ನು ಇಡೀ ಪುಸ್ತಕದ ತುಂಬ ಹರಡಿದರೆ ಆರೂ ಫಾರ್ಮ್ ಬಣ್ಣದ್ದಾಗುತ್ತವೆ. ಅವನ್ನೇ ಒಂದು ಫಾರ್ಮ್‌ನಲ್ಲಿ ಕೂಡಿಸಿ ಆರ್ಟ್ ಪೇಪರ್ ಮೇಲೆ ಹಾಕಿ, ಉಳಿದ ಬರಹವನ್ನು ಮ್ಯಾಪ್‌ಲಿಥೋ ಕಾಗದದ ಮೇಲೆ ಹಾಕಿದರೆ ಚಿತ್ರವೂ ಚಂದ, ಖರ್ಚೂ ಹಗುರ. ಮೊಬೈಲ್‌ನಲ್ಲಿ ಹೊಳೆಯುವ ಕೇಸರಿ ಪತಾಕೆ, ಹಸಿರು ಸೀರೆ ಕಾಗದದ ಮೇಲೆ ಒಂದಿಷ್ಟು ಮಂಕಾಗೋದು ಸಹಜ. ಪರದೆಯದು ಬೆಳಕು, ಕಾಗದದ್ದು ಶಾಯಿ. ಅದಕ್ಕೇ ಒಂದೆರಡು ಬಣ್ಣದ ಪುಟಗಳ ಮಾದರಿ ಪ್ರಿಂಟ್ ನೋಡದೆ ಒಪ್ಪಿಗೆ ಕೊಡಬಾರದು.

ನುಡಿಯಿಂದ ಯೂನಿಕೋಡ್‌ಗೆ

ಮಾಸ್ತರು ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಈಗಲೂ ನಡೆಯೋದು ಹಳೆಯ ನುಡಿ ಇಲ್ಲವೆ ಶ್ರೀಲಿಪಿ ಅಕ್ಷರ. ಒಂದರಿಂದ ಒಂದಕ್ಕೆ ಬದಲಿಸುವಾಗ ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ಸೊನ್ನೆ ಇರಬೇಕಾದಲ್ಲಿ ಅನುಸ್ವಾರ ಕೂಡುತ್ತದೆ. ಅದಕ್ಕೇ ಕರಡು ತಿದ್ದೋದು ಬದಲಾವಣೆ ಆದ ಮೇಲೆ, ಕಾಗದದ ಮೇಲೆ ಪ್ರಿಂಟ್ ತೆಗೆದು ಆಗಬೇಕು. ಬರೆದವರೊಬ್ಬರೇ ಓದಿದರೆ ಸಾಲದು. ತಾವು ಬರೆದದ್ದರ ತಪ್ಪು ತಮ್ಮ ಕಣ್ಣಿಗೆ ಬೀಳೋದಿಲ್ಲ.

ಅಂಕಿಗಳನ್ನು ಬೇರೆಯಾಗಿ ಒಂದು ಸಲ ನೋಡಬೇಕು. ಲಿಂಗರಾಜರು ಹುಟ್ಟಿದ್ದು 1861, ತೀರಿಕೊಂಡದ್ದು 1906. ಅವರ ಹೆಸರಿನ ಲಿಂಗರಾಜ ಕಾಲೇಜು ಬೆಳಗಾವಿಯಲ್ಲಿ ಶುರುವಾದದ್ದು 1933. ಕರಡಿನಲ್ಲಿ 1906 ಅನ್ನೋದು 1960 ಆಗಿ ಹಾಗೇ ಅಚ್ಚಾದರೆ, ನಾಳೆ ಶಾಲೆ ಹುಡುಗ ಅದನ್ನೇ ಭಾಷಣದಲ್ಲಿ ಹೇಳ್ತಾನೆ, ಮುಂದಿನ ಪುಸ್ತಕದವರೂ ಅದನ್ನೇ ಎತ್ತಿಕೊಳ್ತಾರೆ. ಐತಿಹ್ಯವನ್ನು ಐತಿಹ್ಯ ಅಂತಲೂ, ಶಾಸನದಲ್ಲಿ ಇರೋದನ್ನು ಶಾಸನದ್ದು ಅಂತಲೂ ಬೇರೆ ಬೇರೆ ಬರೆದರೆ ಎರಡಕ್ಕೂ ಮರ್ಯಾದೆ.

ಎಷ್ಟು ಪ್ರತಿ?

ಒಂದು ಸಾವಿರ ಹಾಕಿಸಿದರೆ ಪ್ರತಿಗೆ ಅಗ್ಗ ಬೀಳುತ್ತದೆ, ನಿಜ. ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದರೆ ಬಿಡುಗಡೆ ಆದ ಮೇಲೆ ಆರು ನೂರು ಪುಸ್ತಕ ಗುಡಿಯ ಕೋಣೆಯಲ್ಲಿ ಗೆದ್ದಲಿಗೆ ಬಿದ್ದರೆ ಅದು ಅಗ್ಗ ಅಲ್ಲ. ನೂರಿನ್ನೂರು ಪ್ರತಿ ಸಾಕು ಅಂದರೆ ಪ್ಲೇಟು ಬೇಡದ ಡಿಜಿಟಲ್ ಮುದ್ರಣ ಇದೆ. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇಂದಿನ ಕಮಿಟಿಯವರು ಅಷ್ಟು ತಿರುಗಬೇಕಿಲ್ಲ, ಆದರೆ ಅಚ್ಚಿಗೆ ಮೊದಲೇ ಮುಂಗಡ ಬರೆಸಿಕೊಳ್ಳಬಹುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಲೆಕ್ಕ ಹಾಕೋದು ಬೇಡ. ಆಯ್ಕೆ, ಹಣ ಎರಡೂ ತಡ ಅನ್ನೋದು ಪ್ರಕಾಶಕರ ಹಳೆಯ ದೂರು.

ಐಎಸ್‌ಬಿಎನ್ ಸಂಖ್ಯೆಗೆ ದುಡ್ಡು ಕೇಳುವವರು ಸಿಗ್ತಾರೆ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಲೇಖಕರಿಗೂ ಪುಕ್ಕಟೆ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ. 1954ರ ಕಾಯ್ದೆಯಂತೆ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಗೊತ್ತುಪಡಿಸಿದ ಇನ್ನೂ ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಗೂ ಇದು ಅನ್ವಯಿಸುತ್ತದೆ. ಊರಲ್ಲಿ ಒಂದೂ ಪ್ರತಿ ಉಳಿಯದ ಕಾಲಕ್ಕೂ ಅಲ್ಲಿ ಒಂದು ಇರುತ್ತದೆ.

ಜಾಹೀರಾತಿಗೆ ರೊಕ್ಕ ಕೊಡುವ ಅಂಗಡಿಕಾರರಿಗೂ ಇದರಲ್ಲಿ ಪಾಲಿದೆ. ರಸೀದಿ ಹರಿಯುವ ಮುಂಚೆ ಮೂರು ಮಾತು ಕೇಳಿದರೆ ಸಾಕು: ಫೋಟೊಗಳ ಮೂಲ ಫೈಲ್ ಇವೆಯೇ? ಕರಡನ್ನು ಬರೆದವರಲ್ಲದೆ ಇನ್ಯಾರು ಓದಿದ್ದಾರೆ? ಜಾತ್ರೆಗೆ ಇನ್ನೂ ಎಷ್ಟು ದಿನ ಇದೆ? ಜಾತ್ರೆ ನಾಳಿದ್ದು ಅನ್ನುವಾಗ ಅವಸರದಲ್ಲಿ ಅಚ್ಚಿಗೆ ಕಳಿಸುವ ಬದಲು ಪುಸ್ತಕವನ್ನು ಮುಂದಿನ ಯುಗಾದಿಗೆ ಇಟ್ಟುಕೊಂಡರೆ ಯಾರ ಮಾನವೂ ಹೋಗೋದಿಲ್ಲ. ಫೋಟೊ ಕೂಡಿಸುವ, ಹಿರಿಯರಿಂದ ಹೆಸರು ಬರೆಸಿಕೊಳ್ಳುವ ಕೆಲಸ ಮಾತ್ರ ಮುಂದೆ ಹಾಕುವಂಥದ್ದಲ್ಲ. ಅದನ್ನು ಈ ವಾರವೇ ಶುರು ಮಾಡಬಹುದು.