ಒಲೆಯ ಮುಂದಿನ ವಿಶ್ರಾಂತಿ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಮಧುಮೇಹ, ನಿದ್ರಾಹೀನತೆಗಳನ್ನು ಕುರಿತು ವೈದ್ಯರು ಬರೆಯುವುದು ವಾಡಿಕೆ. ವೈದ್ಯನಲ್ಲದ ನಾನು ಅವುಗಳ ನಡುವೆ ಆತ್ಮದ ವಿಶ್ರಾಂತಿಯ ಮಾತೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮುಂಬಯಿಯಲ್ಲಿ ನೆಲಸಿದ ನಮ್ಮವರ ಆಯಾಸವೆಲ್ಲ ಮೈಯದಲ್ಲವೆಂಬುದು ನನ್ನ ಅಭಿಪ್ರಾಯ. ಆರು ದಿನ ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ಒಂಟಿಕಾಲಲ್ಲಿ ನಿಂತು ಓಡಾಡಿದವನು ಭಾನುವಾರ ಹಗಲಿಡೀ ಮಲಗಿ ಎದ್ದರೂ ಸೋಮವಾರ ದಣಿದವನಾಗಿಯೇ ಗಾಡಿ ಹತ್ತುತ್ತಾನೆ. ಈ ದಣಿವಿಗೆ ನಿದ್ರೆ ಮದ್ದಲ್ಲ.

ನನ್ನ ಪತ್ನಿಯ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಬಾರಿ, ಒಂದೊಂದು ಬಾರಿಗೆ ನಾಲ್ಕು ತಾಸು ಡಯಾಲಿಸಿಸ್ ಆಗಬೇಕಾಗಿ ಬಂದಾಗ ಈ ದಣಿವಿನ ನಿಜಸ್ವರೂಪ ನನಗೆ ತಿಳಿಯಿತು. ಮಂಗಳೂರಿನ ಕ್ರೈಸ್ತ ಮನೆಯಲ್ಲಿ ಹುಟ್ಟಿದ ನನಗೆ ಮುಂಜಾವಿನ ಪ್ರಾರ್ಥನೆ ಬಾಲ್ಯದಿಂದ ಬಂದ ರೂಢಿ. ಆ ದಿನಗಳಲ್ಲಿ ಅದನ್ನು ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿಸಿದೆ. ಆ ಗಂಟೆ ನೆಮ್ಮದಿಯಾಗಿಯೇ ಕಳೆಯುತ್ತಿತ್ತು. ಎದ್ದು ಅಡಿಗೆಮನೆಗೆ ಹೋದೊಡನೆ ನೆಮ್ಮದಿಯೂ ಮುಗಿಯುತ್ತಿತ್ತು. ಸಂಜೆಯ ವೇಳೆಗೆ, ಉಪ್ಪಿಲ್ಲದ ಸಾರನ್ನು ಮುಂದಕ್ಕೆ ತಳ್ಳಿದ ಆ ರೋಗಿಯ ಮೇಲೆ ರೇಗಿಬೀಳುತ್ತಿದ್ದವನು ಬೆಳಿಗ್ಗೆ ಮೊಣಕಾಲೂರಿದ್ದ ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯದೆ ಮುಂದಿನ ಮಾತಿಗೆ ಅರ್ಥವಿಲ್ಲ.

ಆಗ ನೆರವಾದವನು ಹದಿನೇಳನೆಯ ಶತಮಾನದ ಒಬ್ಬ ಅಡಿಗೆಯವನು. ಫ್ರೆಂಚ್ ನಾಡಿನ ಲೊರೇನ್ ಪ್ರಾಂತದಲ್ಲಿ 1614ರ ಸುಮಾರಿಗೆ ಹುಟ್ಟಿದ ನಿಕೊಲಾ ಎರ್ಮಾನ್, ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡು ಕುಂಟನಾದ. ಬಳಿಕ ಒಬ್ಬ ಧನಿಕರ ಮನೆಯ ಆಳಾದ. ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡನೆಂದು ತನ್ನನ್ನು ತಾನೇ ಹಳಿದುಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿ ಬ್ರದರ್ ಲಾರೆನ್ಸ್ ಎನಿಸಿಕೊಂಡ. ಅಲ್ಲಿ ದೊರೆತದ್ದು ಅಡಿಗೆಮನೆಯ ಕೆಲಸ. ಅದು ಅವನಿಗೆ ಸ್ವಭಾವತಃ ಒಗ್ಗದ ಕೆಲಸವೂ ಹೌದು. ಆದರೂ ಸುಮಾರು ಹದಿನೈದು ವರ್ಷ ಅಲ್ಲೇ ದುಡಿದು, ಪ್ರಾರ್ಥನೆಯ ವೇಳೆ, ದುಡಿಮೆಯ ವೇಳೆ ಎಂಬ ಭೇದವೇ ತನಗಿಲ್ಲವೆಂಬಷ್ಟು ಭಗವಂತನ ಸಾನ್ನಿಧ್ಯದಲ್ಲಿ ನೆಲೆನಿಂತ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿಸಿದಾಗ, ಕುಂಟುಗಾಲಿನ ಆತ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಸಾಗಬೇಕಾಯಿತಂತೆ. ಅದಕ್ಕೂ ಅವನು ಕಳವಳಗೊಳ್ಳಲಿಲ್ಲ. 1691ರಲ್ಲಿ ತೀರಿಕೊಂಡ ಈತನ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾಗಿ ಇಂದಿಗೂ ಓದುಗರ ಕೈಯಲ್ಲಿವೆ.

ಇದೆಲ್ಲ ಅವನಿಗೆ ಒಮ್ಮೆಗೇ ಲಭಿಸಿದ್ದಲ್ಲವೆಂಬುದನ್ನು ಅವನ ಭಕ್ತರು ಬಹುಮಟ್ಟಿಗೆ ಮರೆಯುತ್ತಾರೆ. ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಅವನೇ ಹೇಳಿಕೊಂಡಿದ್ದಾನೆ. ನನಗೆ ಧೈರ್ಯ ಕೊಟ್ಟದ್ದು ಈ ಹತ್ತು ವರ್ಷ, ಮುಂದಿನ ಶಾಂತಿಯಲ್ಲ.

ಮತ್ತಾಯನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದ ಕೊನೆಯನ್ನು ಲಕ್ಷ್ಯವಿಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ದುಡಿದು ಹೊರೆಹೊತ್ತವರನ್ನು ವಿಶ್ರಾಂತಿಗೆಂದು ಕರೆದ ಕ್ರಿಸ್ತನು ಮರುಕ್ಷಣವೇ ಅವರ ಮುಂದೆ ಇಡುವುದು ಹಾಸಿಗೆಯನ್ನಲ್ಲ, ನೊಗವನ್ನು! ಎತ್ತು ಕಟ್ಟಿ ಉತ್ತ ಮನೆತನದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೊಗಕ್ಕೆ ಎರಡು ಹೆಗಲು ಬೇಕು. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಹೂಡುತ್ತಾರೆ. ಅವನು ಕೊಡುವ ವಿಶ್ರಾಂತಿ ಕೆಲಸದಿಂದ ಬಿಡುಗಡೆಯಲ್ಲ, ಕೆಲಸದಲ್ಲಿ ಜೊತೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸಿದವನ ಜೊತೆ ಅದು. ಕಾಯಕದಲ್ಲಿಯೇ ಶಿವನನ್ನು ಕಂಡ ಹನ್ನೆರಡನೆಯ ಶತಮಾನದ ಶರಣರ ನಾಡಿನವರಿಗೆ, ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ತಮ್ಮದೆಂದು ಓದಿದವರಿಗೆ, ಈ ವಿಚಾರ ಪರಕೀಯವೆನಿಸಲಾರದು.

ಧ್ಯಾನಕೂಟಗಳನ್ನು ನಾನು ಹಳಿಯುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಮೂರು ದಿನ ಬೆಟ್ಟದ ಮೇಲೆ ಕುಳಿತು ತಂದ ಶಾಂತಿ ದಾದರಿನ ಮೇಲ್ಸೇತುವೆ ದಾಟುವಷ್ಟರಲ್ಲಿ ಕರಗುವುದನ್ನು ಕಂಡಿದ್ದೇನೆ. ಇನ್ನೊಂದನ್ನಂತೂ ಕಟುವಾಗಿಯೇ ಹೇಳಬೇಕು: ಪ್ರಾರ್ಥಿಸಿದರೆ ಡಯಾಲಿಸಿಸ್ ಬೇಡವೆಂದು ನಮ್ಮ ಮನೆಗೆ ಬಂದು ಬೋಧಿಸಿದವರಿದ್ದರು. ಅವರಿಗೆ ಚಹಾ ಕೊಟ್ಟು ಕಳುಹಿಸಿದೆವು. ವಾರಗಟ್ಟಲೆ ನಿದ್ರೆ ಬಾರದವರು, ಬದುಕೇ ಬೇಡವೆನಿಸಿದವರು ವೈದ್ಯರಲ್ಲಿಗೆ ಹೋಗುವುದು ಅವಿಶ್ವಾಸದ ಲಕ್ಷಣವಲ್ಲ.

ನಾನು ಕಲಿತದ್ದು ಅಲ್ಪ. ಆಕೆಗೆ ದಿನಕ್ಕೆ ಇಷ್ಟೇ ನೀರೆಂದು ವೈದ್ಯರ ಕಟ್ಟಳೆ. ಬೆಳಿಗ್ಗೆ ಅಷ್ಟನ್ನು ಅಳೆದು ಒಂದು ಸೀಸೆಯಲ್ಲಿ ತುಂಬಿಡುತ್ತೇನೆ. ತುಂಬುವಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನಿಂದ ನೀರು ಬೇಡಿದವನೊಡನೆ ಎರಡು ಮಾತನಾಡುತ್ತೇನೆ. ಅಕ್ಕಿ ತೊಳೆಯುವಾಗ, ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವಾಗ, ಮತ್ತೆ ಎರಡು ಮಾತು. ಎಷ್ಟೋ ದಿನ ಮಧ್ಯಾಹ್ನದವರೆಗೂ ಮರೆತೇ ಇರುತ್ತೇನೆ. ಮರೆತಾಗ ಲಾರೆನ್ಸ್ ಪರಿತಪಿಸುತ್ತ ಕೂರುತ್ತಿರಲಿಲ್ಲವಂತೆ. ತಪ್ಪೊಪ್ಪಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದ. ರೇಗುವುದು ನಿಂತಿಲ್ಲ, ಕಡಿಮೆಯಾಗಿದೆ. ಮೊನ್ನೆ ಸಾರಿನ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿದಳು. ನಾನು ಎದ್ದು ಒಂದು ಹೋಳು ನಿಂಬೆಹಣ್ಣು ತಂದು ಹಿಂಡಿದೆ.